ಅಂಜೂರದ ಜಾಮ್ ಒಮ್ಮೆ ನೊರೆ, ಒಮ್ಮೆ ಕಲ್ಲು: ಎಡವಿದ್ದು ಎಲ್ಲಿ?

ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ:

"ಮೇಡಂ, ನನ್ನ ತಮ್ಮ ಬಳ್ಳಾರಿ ಕಡೆ ತೋಟ ಮಾಡುತ್ತಾನೆ. ಈ ಬೇಸಿಗೆಯಲ್ಲಿ 6 ಕಿಲೋ ಅಂಜೂರ ಕಳಿಸಿದ್ದ. ರಾತ್ರಿ ಬಸ್ಸಿನಲ್ಲಿ ಬಂದ ಹಣ್ಣು, ಸ್ವಲ್ಪ ಜಜ್ಜಿತ್ತು. ಸೊನೆ ಹೋಗಲಿ ಅಂತ ಅಡುಗೆ ಸೋಡಾ ಹಾಕಿದ ನೀರಲ್ಲಿ ನೆನೆಸಿದೆ. 2 ಕಿಲೋ ಹಣ್ಣಿಗೆ 600 ಗ್ರಾಂ ಸಕ್ಕರೆ ಹಾಕಿ ಜಾಮ್ ಮಾಡಿದೆ. ಹಣ್ಣೇ ಸಿಹಿ ಅಲ್ವಾ, ರುಚಿ ಕೆಡುತ್ತೆ ಅಂತ ನಿಂಬೆರಸ ಹಾಕಲಿಲ್ಲ. ಚೆನ್ನಾಗಿ ಗಟ್ಟಿಯಾಯಿತು, ಸುಮಾರು 2 ಕಿಲೋ ಬಂತು. ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಬುಸ್ ಅಂತು. ಒಳಗೆಲ್ಲ ಗುಳ್ಳೆ, ಹೆಂಡದ ವಾಸನೆ. ಇನ್ನೊಂದು ಬಾಟಲಿಯಲ್ಲಿ ಮೇಲೆ ಬಿಳಿ ಬೂಷ್ಟು. ಫ್ರೀಜರಿನಲ್ಲಿದ್ದ ಹಣ್ಣಿನಲ್ಲಿ 2 ಕಿಲೋ ತೆಗೆದು, ಈ ಸಲ ಸಮಸಮ ಸಕ್ಕರೆ ಹಾಕಿ, ಥರ್ಮಾಮೀಟರ್ ಕೊಂಡು, ವಿಡಿಯೋದಲ್ಲಿ ಹೇಳಿದ ಹಾಗೆ 105 ಡಿಗ್ರಿ ಬರುವವರೆಗೂ ಕುದಿಸಿದೆ. ಅದು ಕಲ್ಲಾಗಿ ಕೂತಿದೆ, ತಿಂದರೆ ಹಲ್ಲಿಗೆ ಸಕ್ಕರೆ ಹರಳು ಸಿಗುತ್ತೆ. ಅಂಜೂರದಲ್ಲಿ ಹುಳ ಇರುತ್ತೆ, ಅದಕ್ಕೇ ಕೆಟ್ಟಿದೆ ಅಂತಾರೆ ನಮ್ಮತ್ತೆ. ಅವರಿಗೆ ಸಕ್ಕರೆ ಕಾಯಿಲೆ, ಬೆಲ್ಲದಲ್ಲಿ ಮಾಡು ಅಂತಾರೆ. ಬೂಷ್ಟು ತೆಗೆದು ಉಳಿದದ್ದು ತಿನ್ನಬಹುದಾ? ಪ್ರಿಸರ್ವೇಟಿವ್ ಹಾಕಲೇಬೇಕಾ? ಇನ್ನೂ 2 ಕಿಲೋ ಹಣ್ಣು ಫ್ರೀಜರಿನಲ್ಲಿದೆ. ಹಾಸ್ಟೆಲಿನಲ್ಲಿರುವ ಮಗನಿಗೆ ಒಂದು ಬಾಟಲಿ ಕಳಿಸಬೇಕು ಅಂತ ಆಸೆ."

ಉತ್ತರ:

ಮೊದಲು ಬೂಷ್ಟಿನ ಮಾತು ಮುಗಿಸೋಣ. ನೊರೆ ಬಂದ ಬಾಟಲಿ, ಬೂಷ್ಟು ಹಿಡಿದ ಬಾಟಲಿ, ಎರಡನ್ನೂ ಚೆಲ್ಲಿ. ಉಪ್ಪಿನಕಾಯಿ ಜಾಡಿಯಲ್ಲಿ ಬಿಳಿ ಪದರ ಕಂಡರೆ ನಮ್ಮಜ್ಜಿ ಅದನ್ನು ಎತ್ತಿ ಬಿಸಾಕಿ, ಮೇಲೆ ಎಣ್ಣೆ ಹೊಯ್ಯುತ್ತಿದ್ದರು. ಜಾಮಿಗೆ ಆ ಲೆಕ್ಕ ಬೇಡ. ನಮಗೆ ಕಾಣುವುದು ಬೂಷ್ಟಿನ ಮೇಲ್ಭಾಗ ಮಾತ್ರ. ಅದರ ಎಳೆಗಳು ಕೆಳಗೂ ಇಳಿದಿರುತ್ತವೆ. ಕೆಲವು ಬೂಷ್ಟು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಎರಡು ಕಿಲೋ ಹಣ್ಣು ಹೋಯಿತಲ್ಲ ಅಂತ ಸಂಕಟ ಆಗುತ್ತೆ, ಗೊತ್ತು.

ಕಲ್ಲಾದ ಜಾಮನ್ನು ಮಾತ್ರ ಚೆಲ್ಲಬೇಡಿ. ಅದನ್ನು ಉಳಿಸಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಅತ್ತೆಯವರ ಹುಳದ ವಿಷಯ. ಅವರ ಮಾತು ಪೂರ್ತಿ ಸುಳ್ಳಲ್ಲ. ಅಂಜೂರ ನಮ್ಮ ಅತ್ತಿ, ಆಲ, ಅರಳಿಗಳ ಹತ್ತಿರದ ನೆಂಟ. ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಪುಟ್ಟ ಹುಳಗಳು ಓಡಾಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಈ ಕುಲದ ಹಣ್ಣು ಅಂದರೆ ಒಳಮುಖವಾಗಿ ಅರಳಿದ ಹೂಗೊಂಚಲು. ಒಳಗಿನ ಆ ಹೂಗಳಿಗೆ ಪರಾಗ ಒಯ್ಯಲು ಸಣ್ಣ ಕಣಜ ಒಳಗೆ ಹೋಗುತ್ತದೆ. ಟರ್ಕಿ ಕಡೆಯ ಸ್ಮಿರ್ನಾ ಜಾತಿಯ ಅಂಜೂರಕ್ಕೂ ಈ ಕಣಜ ಬೇಕೇ ಬೇಕು. ಆದರೆ ಬಳ್ಳಾರಿ, ಪುಣೆ ಕಡೆ ಬೆಳೆಯುವ ಜಾತಿಗಳು ಪರಾಗವೇ ಇಲ್ಲದೆ ಹಣ್ಣಾಗುತ್ತವೆ. ನಿಮ್ಮ ಬಾಯಿಗೆ ಕರಕರ ಅನ್ನುವುದು ಹುಳ ಅಲ್ಲ, ಬೀಜ. ತೀರಾ ಮಾಗಿ ಬಾಯಿ ಬಿಟ್ಟ ಹಣ್ಣಿಗೆ ಇರುವೆ, ಹಣ್ಣಿನ ನೊಣ ಬರುವುದುಂಟು. ಅದಕ್ಕೆ ಪ್ರತಿ ಹಣ್ಣನ್ನೂ ಸೀಳಿ ನೋಡಿಯೇ ಪಾತ್ರೆಗೆ ಹಾಕಿ. ಜಾಮ್ ಕೆಟ್ಟದ್ದಕ್ಕೂ ಹುಳಕ್ಕೂ ಸಂಬಂಧವಿಲ್ಲ.

ಹಾಗಾದರೆ ಕೆಟ್ಟದ್ದು ಯಾಕೆ? ಹಣ್ಣು ಸಂಸ್ಕರಣೆ ಕಲಿಸುತ್ತಾ 20 ವರ್ಷದ ಮೇಲಾಯಿತು. ತರಗತಿಗೆ ಬಂದವರು ಅನಾನಸ್, ನೆಲ್ಲಿ, ದ್ರಾಕ್ಷಿ ಎಲ್ಲ ಸಲೀಸಾಗಿ ಮಾಡುತ್ತಾರೆ. ಅಂಜೂರಕ್ಕೆ ಬಂದಾಗ ಎಡವುತ್ತಾರೆ. ಕಾರಣ ಎರಡು. ಅಂಜೂರದಲ್ಲಿ ಹುಳಿ ಇಲ್ಲ. ಮತ್ತೆ, ಅಂಜೂರ ಕಣ್ಣಿಗೆ ಮೋಸ ಮಾಡುತ್ತದೆ.

ಮೋಸದ ಮಾತು ಮೊದಲು ಹೇಳುತ್ತೇನೆ. ದ್ರಾಕ್ಷಿ ಜಾಮ್ ನೀರು ನೀರಾಗಿದ್ದರೆ ಅದು ಆಗಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅಂಜೂರದ ತಿರುಳಿನಲ್ಲಿ ನಾರು ಜಾಸ್ತಿ, ಬೀಜ ಜಾಸ್ತಿ. ಕಾಲು ಗಂಟೆ ಕುದಿಸಿದರೆ ಸಾಕು, ಹಲ್ವದ ಹಾಗೆ ಸೌಟಿಗೆ ಹತ್ತುತ್ತದೆ. ನೋಡಿದವರು ಆಯಿತು ಅಂತ ಒಲೆ ಆರಿಸುತ್ತಾರೆ. ನೀರು ಮಾತ್ರ ಒಳಗೇ ಇರುತ್ತದೆ.

ನಿಮ್ಮ ಲೆಕ್ಕವನ್ನೇ ನೋಡಿ. ತಾಜಾ ಅಂಜೂರದಲ್ಲಿ ಹತ್ತಿರ ಹತ್ತಿರ ಶೇ 80 ನೀರು. 2 ಕಿಲೋ ಹಣ್ಣಿನಲ್ಲಿ ನೀರು ಬಿಟ್ಟು ಉಳಿಯುವುದು ಸುಮಾರು 400 ಗ್ರಾಂ. ಅದಕ್ಕೆ 600 ಗ್ರಾಂ ಸಕ್ಕರೆ ಸೇರಿದರೆ 1 ಕಿಲೋ. ನಿಮಗೆ ಬಂದದ್ದು 2 ಕಿಲೋ ಜಾಮ್. ಅಂದರೆ ಅದರಲ್ಲಿ ಅರ್ಧ ನೀರು. ಜಾಮ್ ಅನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಸಕ್ಕರೆ ಸೇರಿ ಕರಗಿದ ಅಂಶ ಶೇ 65 ಆದರೂ ಇರಬೇಕು. ಅಂಗಡಿ ಜಾಮಿಗೆ ನಮ್ಮ ದೇಶದ ಆಹಾರ ನಿಯಮ ಹಾಕಿರುವ ಗೆರೆಯೂ ಅದೇ. ಅಷ್ಟು ಸಕ್ಕರೆ ಇದ್ದರೆ ಅದು ನೀರನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೆ ಕುಡಿಯಲು ಬಿಡುವುದಿಲ್ಲ. ಶೇ 50 ಅಂದರೆ ಯೀಸ್ಟಿಗೆ ಬಾಳೆಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಜಜ್ಜಿದ ಅಂಜೂರದ ತುದಿಯಲ್ಲಿರುವ ಸಣ್ಣ ತೂತಿನ ಮೂಲಕ ಯೀಸ್ಟ್ ಮೊದಲೇ ಒಳಗೆ ಹೋಗಿರುತ್ತದೆ. ಕುದಿಸಿದಾಗ ಅದು ಸಾಯುತ್ತದೆ ನಿಜ. ಆದರೆ ಸರಿಯಾಗಿ ಕಾಯಿಸದ ಬಾಟಲಿ, ಒದ್ದೆ ಚಮಚ, ಗಾಳಿ, ಎಲ್ಲಿಂದಲಾದರೂ ಮತ್ತೆ ಬರುತ್ತದೆ. ಬಂದರೆ ನೀವು ಹೇಳಿದ ಗುಳ್ಳೆ, ಹೆಂಡದ ವಾಸನೆ ತಪ್ಪಿದ್ದಲ್ಲ.

ಈಗ ಹುಳಿಯ ಮಾತು. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದರಲ್ಲಿ 4.6 ಒಂದು ಗಡಿ. ಅದಕ್ಕಿಂತ ಕೆಳಗಿದ್ದರೆ ಬೊಟುಲಿನಂ ಅನ್ನುವ ಅಪಾಯಕಾರಿ ಬ್ಯಾಕ್ಟೀರಿಯಾ ಮುಚ್ಚಿದ ಬಾಟಲಿಯಲ್ಲಿ ಬೆಳೆಯುವುದಿಲ್ಲ. ದ್ರಾಕ್ಷಿ, ಅನಾನಸ್ ಆ ಗಡಿಗಿಂತ ತುಂಬಾ ಕೆಳಗೆ. ಅಂಜೂರ ಗಡಿಯ ಮೇಲೇ ನಿಲ್ಲುತ್ತದೆ, ಎಷ್ಟೋ ಸಲ ದಾಟಿ 5ರ ಹತ್ತಿರ ಹೋಗುತ್ತದೆ. ಹೆದರಬೇಡಿ, ಸಕ್ಕರೆ ಸರಿಯಾಗಿರುವ ಜಾಮಿನಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ನೀರು ಸಿಗುವುದಿಲ್ಲ. ಆದರೆ ಸಕ್ಕರೆಯೂ ಕಮ್ಮಿ, ಹುಳಿಯೂ ಇಲ್ಲ, ಬಾಟಲಿ ಮಾತ್ರ ಬಿಗಿಯಾಗಿ ಮುಚ್ಚಿದೆ ಅಂದರೆ ಅದು ಒಳ್ಳೆಯದಲ್ಲ. ಅದರ ಮೇಲೆ ನೀವು ಸೋಡಾ ನೀರಲ್ಲಿ ಬೇರೆ ನೆನೆಸಿದ್ದೀರಿ. ಇದ್ದ ಚೂರುಪಾರು ಹುಳಿಯನ್ನೂ ಸೋಡಾ ಮುರಿದು ಹಾಕುತ್ತದೆ.

ಸೊನೆಗೆ ಸೋಡಾ ಬೇಕಾಗಿಯೇ ಇಲ್ಲ. ಸೊನೆ ಇರುವುದು ತೊಟ್ಟಿನಲ್ಲಿ, ಅರೆಗಾಯಿಯಲ್ಲಿ. ಅದರಲ್ಲಿರುವ ಫಿಸಿನ್ ಅನ್ನುವ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಅರೆಗಾಯಿ ತಿಂದರೆ ನಾಲಿಗೆ ಚುರುಗುಟ್ಟುವುದು, ಕೈ ನವೆಯಾಗುವುದು ಅದಕ್ಕೇ. ಕುದಿಸಿದರೆ ಕಿಣ್ವ ಸಾಯುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಮಾಡುವ ಹಾಗೆ ಕೈಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಿ, ತೊಟ್ಟಿನ ಕಡೆ ಅರ್ಧ ಇಂಚು ಕತ್ತರಿಸಿ ಬಿಸಾಕಿ. ಅಷ್ಟು ಸಾಕು.

ಹುಳಿಗೆ ಇನ್ನೂ ಎರಡು ಕೆಲಸ ಇವೆ. ಹಣ್ಣಿನಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನಂಥ ನಾರು ಹೆಣೆದುಕೊಂಡು ಜಾಮ್ ಕಟ್ಟಬೇಕಾದರೆ ಹುಳಿ ಬೇಕು. ಅಂಜೂರದಲ್ಲಿ ಪೆಕ್ಟಿನ್ ಸಾಧಾರಣ, ಪೂರ್ತಿ ಮಾಗಿದರೆ ಇನ್ನೂ ಕಮ್ಮಿ. ಎರಡನೆಯ ಕೆಲಸ, ಕುದಿಯುವಾಗ ಹುಳಿ ಸಕ್ಕರೆಯ ಒಂದು ಪಾಲನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಹಾಗೆ ಮಿಶ್ರವಾದ ಸಕ್ಕರೆ ಸುಲಭವಾಗಿ ಹರಳು ಕಟ್ಟುವುದಿಲ್ಲ. ಸಕ್ಕರೆ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಬಿಡುತ್ತೀರಲ್ಲ, ಅದೇ ಸಂಗತಿ. ನಿಮ್ಮ ಎರಡನೇ ಸಲದ ಹರಳಿಗೆ ಅರ್ಧ ಕಾರಣ ಇದು.

ಉಳಿದರ್ಧ ಕಾರಣ ನಿಮ್ಮ ಥರ್ಮಾಮೀಟರಿನಲ್ಲಿದೆ. ಅಲ್ಲ, ಬೆಂಗಳೂರಿನಲ್ಲಿದೆ!

ವಿಡಿಯೋದವರು ಹೇಳಿದ 105 ಡಿಗ್ರಿ ಸುಳ್ಳಲ್ಲ. ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಜಾಮ್ ಅದಕ್ಕಿಂತ 4–5 ಡಿಗ್ರಿ ಮೇಲೆ ಆಗುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಜಾಮ್ 101–102ಕ್ಕೆ ಆಗಿಬಿಡುತ್ತದೆ. ನೀವು 105 ಬರಲಿ ಅಂತ ಕಾದಿರಿ. ಅಷ್ಟರಲ್ಲಿ ಕರಗಿದ ಅಂಶ ಶೇ 75 ದಾಟಿರುತ್ತದೆ. ಅದು ಜಾಮಲ್ಲ, ಬರ್ಫಿಯ ದಾರಿ. ಮಡಿಕೇರಿಯಲ್ಲಿ ಇದೇ ತಪ್ಪು ಮಾಡಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು. ಊರಿನ ಎತ್ತರ ನೆನಪಿಟ್ಟುಕೊಳ್ಳುವ ಗೋಜೂ ಬೇಡ. ಜಾಮ್ ಮಾಡುವ ದಿನ ಬರೀ ನೀರು ಕುದಿಸಿ ಥರ್ಮಾಮೀಟರ್ ಅದ್ದಿ. ಎಷ್ಟು ತೋರಿಸುತ್ತೋ ಅದಕ್ಕೆ ನಾಲ್ಕೂವರೆ ಕೂಡಿಸಿ. ಥರ್ಮಾಮೀಟರ್ ಸುಳ್ಳು ಹೇಳುತ್ತಿದ್ದರೂ ಈ ಲೆಕ್ಕದಲ್ಲಿ ಸರಿಹೋಗುತ್ತದೆ.

ಕಲ್ಲಾದ ಜಾಮನ್ನು ಹೀಗೆ ಉಳಿಸಿ. ತೂಕ ಮಾಡಿ, ಕಿಲೋಗೆ 200 ಮಿ.ಲೀ. ಬಿಸಿನೀರು, 2 ಚಮಚ ನಿಂಬೆರಸದಂತೆ ಸೇರಿಸಿ. ಊಟದ ಚಮಚ, ಟೀ ಚಮಚ ಅಲ್ಲ. ಬಾಟಲಿಯಿಂದ ಹೊರಗೆ ಬಾರದಿದ್ದರೆ ಬಾಟಲಿಯನ್ನೇ ಬಿಸಿನೀರಿನಲ್ಲಿ ನಿಲ್ಲಿಸಿ. ಸಣ್ಣ ಉರಿಯಲ್ಲಿ ಹರಳು ಪೂರ್ತಿ ಕರಗುವವರೆಗೆ ತಿರುವಿ, ಆಮೇಲೆ ಒಂದೆರಡು ನಿಮಿಷ ಕುದಿಸಿ ಮತ್ತೆ ತುಂಬಿ. ಪಾತ್ರೆಯ ಬದಿಯಲ್ಲಿ ಒಂದು ಹರಳು ಉಳಿದರೂ ಅದನ್ನು ಹಿಡಿದು ಮತ್ತೆ ಎಲ್ಲ ಹರಳು ಕಟ್ಟುತ್ತದೆ. ಒದ್ದೆ ಬ್ರಷ್ಷಿನಿಂದ ಅಂಚು ಒರೆಸಿ. ಬಣ್ಣ ಕಂದಾಗಿರುತ್ತದೆ, ಸೀದ ವಾಸನೆ ಇದ್ದರೆ ಅದು ಹೋಗುವುದಿಲ್ಲ. ಆದರೂ ಚಪಾತಿಗೆ ಚೆನ್ನಾಗಿಯೇ ಇರುತ್ತದೆ.

ಈಗ ಫ್ರೀಜರಿನಲ್ಲಿರುವ 2 ಕಿಲೋ. ಒಂದು ಸಲಕ್ಕೆ ಒಂದೇ ಕಿಲೋ ಮಾಡಿ. ಪಾತ್ರೆ ತುಂಬಾ ಹಾಕಿದರೆ ನೀರು ಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಬಣ್ಣ, ಪರಿಮಳ, ಇದ್ದಬದ್ದ ಪೆಕ್ಟಿನ್ ಎಲ್ಲ ಹೋಗುತ್ತದೆ. ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ಇರಲಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ, ಬರೀ ಅಲ್ಯೂಮಿನಿಯಂ ಬೇಡ, ಹುಳಿ ಹಾಕುತ್ತಿದ್ದೇವೆ. ಖಾಲಿ ಪಾತ್ರೆಯನ್ನು ಸೌಟಿನ ಸಮೇತ ತೂಕ ಮಾಡಿ ಬರೆದಿಟ್ಟುಕೊಳ್ಳಿ. ಇದನ್ನು ಮಾತ್ರ ಮರೆಯಬೇಡಿ.

ಹಣ್ಣು ಕರಗಿದಾಗ ಬಿಟ್ಟ ರಸವನ್ನು ಚೆಲ್ಲಬೇಡಿ, ಅದೂ ಲೆಕ್ಕಕ್ಕೆ ಸೇರಿದ್ದೇ. ಹಣ್ಣು ಹೆಚ್ಚಿ, ಸಿಪ್ಪೆ ತೆಗೆಯದೆ, 1 ಕಿಲೋಗೆ 600 ಗ್ರಾಂ ಸಕ್ಕರೆ, 20 ಮಿ.ಲೀ. ನಿಂಬೆರಸ ಹಾಕಿ ಒಂದು ಗಂಟೆ ಬಿಡಿ. ತಾನೇ ನೀರು ಬಿಡುತ್ತದೆ. ಮಿಕ್ಸಿಗೆ ಹಾಕಲೇಬೇಕು ಅಂದರೆ ಒಂದೆರಡು ಸುತ್ತು ಸಾಕು. ನುಣ್ಣಗೆ ರುಬ್ಬಿದರೆ ನಾನು ಹೇಳಿದ ಕಣ್ಣಿನ ಮೋಸ ಇನ್ನೂ ಜಾಸ್ತಿಯಾಗುತ್ತದೆ. ಸಕ್ಕರೆ ಕರಗುವವರೆಗೆ ಸಣ್ಣ ಉರಿ, ಆಮೇಲೆ ಜೋರು ಉರಿ. ಕೈ ಬಿಡದೆ ತಿರುವಿ, ತಳ ಹಿಡಿಯುವುದರಲ್ಲಿ ಅಂಜೂರ ಎತ್ತಿದ ಕೈ. ಉದ್ದ ಹಿಡಿಯ ಸೌಟು ಇರಲಿ, ಸಿಡಿದರೆ ಕೈ ಸುಡುತ್ತದೆ. ಇಳಿಸುವ ಒಂದೆರಡು ನಿಮಿಷ ಮೊದಲು ಇನ್ನೊಂದು 20 ಮಿ.ಲೀ. ನಿಂಬೆರಸ ಹಾಕಿ. ಮೊದಲು ಹಾಕಿದ್ದು ಹರಳು ತಡೆಯಲು, ಕೊನೆಗೆ ಹಾಕಿದ್ದು ಕಟ್ಟಲು ಮತ್ತು ರುಚಿಗೆ. ನಿಂಬೆ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ. ಅದಕ್ಕೇ ಕೆಲವರು ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಬಳಸುತ್ತಾರೆ. 40 ಮಿ.ಲೀ. ರಸದ ಬದಲು ಅರ್ಧ ಟೀ ಚಮಚಕ್ಕಿಂತ ತುಸು ಜಾಸ್ತಿ ಸಾಕು. ರಸದ ಪರಿಮಳ ಅದಕ್ಕಿಲ್ಲ. ನಾನು ರಸದ ಪಕ್ಷ. ಅಷ್ಟು ಹಾಕಿದರೂ ಜಾಮ್ ಹುಳಿ ಅನ್ನಿಸುವುದಿಲ್ಲ. ಬದಲಿಗೆ ಅಂಜೂರದ ರುಚಿ ಎದ್ದು ಕಾಣುತ್ತದೆ. ಬರೀ ಸಿಹಿ ಇದ್ದಾಗ ಅದು ಯಾವ ಹಣ್ಣು ಅಂತಲೇ ಗೊತ್ತಾಗುವುದಿಲ್ಲ.

ಆಗಿದೆಯೋ ಇಲ್ಲವೋ ನೋಡಲು ಪಾತ್ರೆ ಸಮೇತ ತೂಗಿ. ಪಾತ್ರೆಯ ತೂಕ ಕಳೆದರೆ 1 ಕಿಲೋ 230 ಗ್ರಾಂ ಹತ್ತಿರ ಬರಬೇಕು. 200 ಗ್ರಾಂ ಹಣ್ಣಿನ ಸಾರ, 600 ಗ್ರಾಂ ಸಕ್ಕರೆ, ಒಟ್ಟು 800. ಅದು ಶೇ 65 ಆಗಬೇಕಾದರೆ ಜಾಮ್ ಅಷ್ಟೇ ತೂಗಬೇಕು. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿ ಸುಕ್ಕು ಬರುತ್ತಾ ಅಂತ ನೋಡುವ ಪದ್ಧತಿ ಇದೆಯಲ್ಲ, ಬೇರೆ ಹಣ್ಣಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಜೂರಕ್ಕೆ ನಾನು ಅದನ್ನು ನಂಬುವುದಿಲ್ಲ. ತಕ್ಕಡಿ ನಂಬುತ್ತೇನೆ. ಇನ್ನೂ ಬಿಗಿಯಾಗಿ ಕಟ್ಟಬೇಕು ಅಂದರೆ ಮುಂದಿನ ಸಲ ಹಣ್ಣಿನಲ್ಲಿ ಕಾಲು ಭಾಗ ಸ್ವಲ್ಪ ಬಲಿತ, ಪೂರ್ತಿ ಮಾಗದ ಅಂಜೂರ ಸೇರಿಸಿ. ಇಲ್ಲವೇ ಸೀಬೆಕಾಯಿ ಬೇಯಿಸಿ ಸೋಸಿದ ನೀರು ಒಂದು ಲೋಟ ಹಾಕಿ. ಅದು ಪೆಕ್ಟಿನ್ನಿನ ಗಣಿ.

ಬಾಟಲಿಗಳನ್ನು ನೀರಿನಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ. ಹಳೇ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬೇಡ, ತುಕ್ಕು ಹಿಡಿದದ್ದಂತೂ ಬೇಡವೇ ಬೇಡ. ಬಾಟಲಿ ಬಿಸಿ ಇರುವಾಗಲೇ, ಮಣೆಯ ಮೇಲೆ ಅಥವಾ ಮಡಿಸಿದ ಬಟ್ಟೆಯ ಮೇಲೆ ಇಟ್ಟು, ಕುದಿಯುವ ಜಾಮ್ ತುಂಬಿ. ಬಾಯಿಂದ ಕಾಲು ಇಂಚು ಬಿಡಿ. ಅಂಚು ಒರೆಸಿ ಮುಚ್ಚಳ ಹಾಕಿ. ಬಾಟಲಿ ತಲೆಕೆಳಗೆ ನಿಲ್ಲಿಸಿದರೆ ಸಾಕು ಅನ್ನುವವರಿದ್ದಾರೆ. ಅದರಿಂದ ಮುಚ್ಚಳಕ್ಕೆ ಬಿಸಿ ತಾಗುತ್ತದೆ ಅಷ್ಟೇ. ಹೊರಗೆ ತಿಂಗಳುಗಟ್ಟಲೆ ಇಡುವುದಾದರೆ ಮುಚ್ಚಿದ ಬಾಟಲಿಗಳನ್ನು ಬಿಸಿನೀರಿನಲ್ಲಿ ಪೂರ್ತಿ ಮುಳುಗಿಸಿ ಮತ್ತೆ 10 ನಿಮಿಷ ಕುದಿಸಿ. ಪಾತ್ರೆಯ ತಳಕ್ಕೆ ಒಂದು ಬಟ್ಟೆ ಹಾಸಿ, ಇಲ್ಲದಿದ್ದರೆ ಗಾಜು ಬಡಿದು ಒಡೆಯುತ್ತದೆ. ಸಮುದ್ರಮಟ್ಟದವರಿಗೆ 5 ನಿಮಿಷ ಸಾಕು, ನಮಗೆ ಇಲ್ಲೂ ಎತ್ತರದ ತೆರಿಗೆ.

ಪ್ರಿಸರ್ವೇಟಿವ್ ಬೇಕಾ ಅಂತ ಕೇಳಿದ್ದೀರಿ. ಹುಳಿ, ಸಕ್ಕರೆ, ಬಾಟಲಿ ಮೂರೂ ಸರಿ ಇದ್ದರೆ ಬೇಡ. ಸೋಡಿಯಂ ಬೆಂಜೋಯೇಟ್ ಅನ್ನುವ ಪ್ರಿಸರ್ವೇಟಿವ್ ಕೆಲಸ ಮಾಡುವುದೇ ಹುಳಿ ಇದ್ದಾಗ. ನೀವು ಮೊದಲ ಸಲ ಮಾಡಿದ ಜಾಮಿಗೆ ಅದನ್ನು ಹಾಕಿದ್ದರೂ ಹೆಚ್ಚು ಪ್ರಯೋಜನ ಆಗುತ್ತಿರಲಿಲ್ಲ. ಅದನ್ನು ಗ್ರಾಮಿನ ಸಣ್ಣ ಪಾಲಿನಲ್ಲಿ ಅಳೆದು ಹಾಕಬೇಕು, ಮನೆಯ ತಕ್ಕಡಿಗೆ ಅದು ಸಿಕ್ಕುವುದಿಲ್ಲ. ಚಿಟಿಕೆ ಲೆಕ್ಕದಲ್ಲಿ ಹಾಕುವ ವಸ್ತು ಅಲ್ಲ ಅದು.

ಅತ್ತೆಯವರಿಗೆ ಬೆಲ್ಲದ ಜಾಮ್. ಇದನ್ನು ಮೆಲ್ಲಗೆ ಹೇಳಿ: ಸಕ್ಕರೆ ಕಾಯಿಲೆಗೆ ಬೆಲ್ಲವೂ ಸಕ್ಕರೆಯೇ, ಜೇನುತುಪ್ಪವೂ ಅಷ್ಟೇ. ಒಂದು ಚಮಚ, ಅಂದರೆ 20 ಗ್ರಾಂ ಜಾಮಿನಲ್ಲಿ ಹತ್ತಿರ ಹತ್ತಿರ 13 ಗ್ರಾಂ ಸಿಹಿ ಇರುತ್ತದೆ, ಅದು ಯಾವುದರಿಂದ ಬಂದರೂ ಒಂದೇ. ಬೆಲ್ಲದಲ್ಲಿ ಇನ್ನೊಂದು ತೊಡಕಿದೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡಲು ಸುಣ್ಣ ಹಾಕುವುದುಂಟು. ಅದು ಹುಳಿಯನ್ನು ಇನ್ನಷ್ಟು ತಗ್ಗಿಸುತ್ತದೆ. ರುಚಿಗೆ ಬೇಕು ಅಂದರೆ ಬೆಲ್ಲ ಹಾಕಿ, ನಿಂಬೆ ಸ್ವಲ್ಪ ಜಾಸ್ತಿ ಹಾಕಿ, ಆದರೆ ಫ್ರಿಜ್ಜಿನಲ್ಲೇ ಇಡಿ.

ಅವರಿಗಾಗಿ ನಾನಾದರೆ ಜಾಮ್ ಅನ್ನುವ ಹೆಸರನ್ನೇ ಬಿಡುತ್ತೇನೆ. ಕಾಲು ಕಿಲೋ ಅಂಜೂರವನ್ನು ಸಕ್ಕರೆ ಹಾಕದೆ, ನಿಂಬೆರಸ ಹಾಕಿ ಬೇಯಿಸಿ, ಚೂರು ಏಲಕ್ಕಿ ಸೇರಿಸಿ, ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕುತ್ತೇನೆ. ಒಂದು ಡಬ್ಬಿ ಹೊರಗೆ ತೆಗೆದರೆ ನಾಲ್ಕೈದು ದಿನದಲ್ಲಿ ಮುಗಿಸಬೇಕು. ಅದರಲ್ಲೂ ಹಣ್ಣಿನ ಸಿಹಿ ಇದ್ದೇ ಇರುತ್ತದೆ. ದಿನಕ್ಕೆ ಎಷ್ಟು ಅಂತ ಅವರ ವೈದ್ಯರನ್ನು ಕೇಳಿ. ಸಕ್ಕರೆ ಕಮ್ಮಿ ಮಾಡಿ ಹೊರಗಿಡುವ ಜಾಮ್ ಮಾಡಲು ದಾರಿ ಇಲ್ವಾ ಅಂದರೆ, 400 ಗ್ರಾಮಿಗೆ ಇಳಿಸಬಹುದು. ಆದರೆ ಶೇ 65 ಮುಟ್ಟಬೇಕಾದರೆ ಒಂದು ಕಿಲೋ ಹಣ್ಣಿನದು 920 ಗ್ರಾಮಿಗೆ ಬತ್ತಬೇಕು. ಅಷ್ಟರಲ್ಲಿ ಅದು ಅಂಜೂರದ ಹಲ್ವ ಆಗಿರುತ್ತದೆ. ಹಾಗೆ ನೋಡಿದರೆ ಅದೂ ಕೆಟ್ಟದ್ದೇನಲ್ಲ, ಒಮ್ಮೆ ತುಪ್ಪ ಹಾಕಿ ಮಾಡಿ ನೋಡಿ.

ಮುಂದಿನ ಬಾರಿ ತಮ್ಮನಿಗೆ ಒಂದು ಮಾತು ಹೇಳಿ. ಅಂಜೂರ ಕಿತ್ತ ಮೇಲೆ ಬಾಳೆ, ಮಾವಿನ ಹಾಗೆ ಮಾಗುವುದಿಲ್ಲ, ಬರೀ ಮೆತ್ತಗಾಗುತ್ತದೆ. ಹಣ್ಣಾದದ್ದನ್ನೇ ಕೀಳಬೇಕು, ಕಿತ್ತರೆ ಎರಡು ಮೂರು ದಿನದಲ್ಲಿ ಮುಗಿಸಬೇಕು. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹಿಂದೆ ಅಷ್ಟು ಹೆಸರಿದ್ದರೂ ದೂರದೂರಿಗೆ ತಾಜಾ ಹಣ್ಣು ಹೋಗುವುದು ಕಷ್ಟವಿತ್ತು ಅಂದರೆ ಆಶ್ಚರ್ಯವಿಲ್ಲ. ಬಸ್ಸಿಗೆ ಹಾಕುವುದಾದರೆ ಒಂದೇ ಪದರದಲ್ಲಿ, ಒಣಹುಲ್ಲಿನ ಮೇಲೆ ಜೋಡಿಸಿ ಕಳಿಸಲಿ. ಬಂದ ಕೂಡಲೇ ಮೂಸಿ ನೋಡಿ. ಹುಳಿ ವಾಸನೆ ಬಂದ ಹಣ್ಣು, ತುದಿಯಿಂದ ರಸ ಸೋರುವ ಹಣ್ಣು ಜಾಮಿಗೂ ಬೇಡ.

ಇನ್ನು ಮಗನ ಬಾಟಲಿ. ಮಾಡಿದ ಕೂಡಲೇ ಕಳಿಸಬೇಡಿ. ಎರಡು ವಾರ ಮನೆಯಲ್ಲೇ ಇಟ್ಟು ನೋಡಿ. ಮುಚ್ಚಳ ಉಬ್ಬದೆ, ಗುಳ್ಳೆ ಏಳದೆ ಇದ್ದರೆ ಹೊರಡಲಿ. ಒಂದು ದೊಡ್ಡ ಬಾಟಲಿಯ ಬದಲು 200 ಗ್ರಾಮಿನ ಮೂರು ಸಣ್ಣ ಬಾಟಲಿ ಮಾಡಿ. ಹಾಸ್ಟೆಲಿನಲ್ಲಿ ಫ್ರಿಜ್ ಇರುವುದಿಲ್ಲ, ಒಂದು ತೆರೆದರೆ ಉಳಿದೆರಡು ಭದ್ರವಾಗಿರುತ್ತವೆ. ತೆರೆದದ್ದನ್ನು ಒಂದು ವಾರದಲ್ಲಿ ಮುಗಿಸು, ಒಣ ಚಮಚ ಹಾಕು ಅಂತ ಚೀಟಿ ಅಂಟಿಸಿ. ಎರಡನೆಯದು ಹೇಳಿದರೆ ಸಾಕೇನೋ. ರೂಮಿನಲ್ಲಿ ನಾಲ್ಕು ಹುಡುಗರಿದ್ದರೆ ಒಂದು ವಾರ ಎಲ್ಲಿ ಉಳಿಯುತ್ತೆ!